ಅರ್ಧಕ್ಕೆ ಎದ್ದು ಹೋದವರು

ಜನವರಿ ೯

ಮಗಳೇ,

ನೀನು ನಿಮ್ಮಮ್ಮನ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡ್ತೀಯ. ಅವಳು ನಗ್ತಾಳೆ. ಏನಂತೆ ಅಂತ ಕೇಳಿದರೆ "ಏನಿಲ್ಲ" ಅಂತಾಳೆ. ತಗಡಿನ ಕಾರ್ಖಾನೆ ನನ್ನ ಕಿವಿ ತಿಂದು ಹಾಕಿದ ಮೇಲೆ ನನ್ನ ಪಾಲಿಗೆ ಫೋನು ಅಂದರೆ ಒಂದು ಸಾಬೂನಿನ ತುಂಡು, ಅಷ್ಟೇ. ಅದಕ್ಕೇ ಬರೀತಿದ್ದೀನಿ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಅಕ್ಷರ, ನೋಡಿ ನಗಬೇಡ.

ವಿಷಯ ಏನಂದರೆ, ನನ್ನ ಶೆಡ್‌ಗೆ ಕುತ್ತು ಬಂದಿದೆ.

ಸೈಕಲ್ ಅಂಗಡಿ ಮುಚ್ಚಿದ ಮೇಲೆ ಸಮುದಾಯ ಭವನದವರು ತಮ್ಮ ಹಿಂದಿನ ಹಳೇ ಗ್ಯಾರೇಜನ್ನು ನನಗೆ ಬಿಟ್ಟುಕೊಟ್ಟಿದ್ದು ನಿನಗೆ ಗೊತ್ತಲ್ಲ. ಸ್ಕೂಲು ಬಿಟ್ಟ ಮೇಲೆ ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳು ಬರ್ತಾರೆ, ನಾನು ಸೈಕಲ್ ರಿಪೇರಿ ಕಲಿಸ್ತೀನಿ. ಈ ವಯಸ್ಸಿನವು ಹೇಗೆ ಅಂತ ನಿನಗೆ ಹೇಳಬೇಕಾ? ಕೈಕಾಲು ಉದ್ದ ಆಗಿರುತ್ತೆ, ಬುದ್ಧಿ ಇನ್ನೂ ದಾರಿಯಲ್ಲಿರುತ್ತೆ. ಅವನ್ನು ಒಂದು ಕಡೆ ಕೂರಿಸೋದು ಅಂದರೆ ಹುಡುಗಾಟ ಅಲ್ಲ. ಭವನದ ಮುಂದಿನ ಕೋಣೆಯಲ್ಲಿ ಹಾಡಿನ ಟೀಚರ್ ಹಾಡು ಹೇಳಿಕೊಡ್ತಾಳೆ. ಪಕ್ಕದ ಕೋಣೆಯಲ್ಲಿ ರಿಟೈರ್ ಆದ ಬ್ಯಾಂಕಿನವನೊಬ್ಬ ಹೋಮ್‌ವರ್ಕ್ ಮಾಡಿಸ್ತಾನೆ. ಮೂರು ಜನ, ಮೂರು ಜಾಗ, ನಮ್ಮ ಪಾಡಿಗೆ ನಾವಿದ್ದೆವು.

ಈಗ ಪಕ್ಕದ ಕೋಣೆಯ ಚಾವಣಿ ಬಿರುಕು ಬಿಟ್ಟಿದೆ, ಕೆಡವುತ್ತಾರಂತೆ. ಉಳಿಯೋದು ಎರಡೇ ಜಾಗ. ಮೂರು ಕಾರ್ಯಕ್ರಮದಲ್ಲಿ ಒಂದು ಹೋಗಬೇಕು. ಯಾವುದು ಅಂತ ಭವನದವರೇ ಹೇಳಿ ಮುಗಿಸಬಹುದಿತ್ತು. ಇಲ್ಲ! ಯೂನಿವರ್ಸಿಟಿಯಿಂದ ಒಬ್ಬಳನ್ನು ಕರೆಸಿದ್ದಾರೆ. ದಪ್ಪ ಕನ್ನಡಕ, ನಗುಮುಖ. ಅವಳು ಹೇಳೋದು, ಹೊರಗಿನವರು ಬಂದು ತೀರ್ಪು ಕೊಡೋದು ತಪ್ಪಂತೆ. ನಾವೇ ಕೂತು, ಒಬ್ಬರ ಕೆಲಸ ಇನ್ನೊಬ್ಬರು ನೋಡಿ, ಎಲ್ಲರೂ ಕೂಡಿ ತೂಗಬೇಕಂತೆ. ತೂಗೋಕೆ ಇದೇನು ತರಕಾರಿಯಾ ಅಂತ ಕೇಳಿದೆ. ನಕ್ಕಳು. ನಾನು ನಗಿಸೋಕೆ ಹೇಳಿದ್ದಲ್ಲ.

ಕೊನೇ ಷರತ್ತು ಕೇಳು. ಎಲ್ಲರೂ "ಒಪ್ಪಿದೆ" ಅನ್ನಬೇಕು. ಒಬ್ಬರು ಒಪ್ಪದಿದ್ದರೂ ತೀರ್ಮಾನ ಇಲ್ಲ, ತೀರ್ಮಾನ ಇಲ್ಲದಿದ್ದರೆ ಮೂವರಿಗೂ ಜಾಗ ಇಲ್ಲ. ನಾನು ಬರಲ್ಲ ಅಂತ ಎದ್ದರೆ ಉಳಿದವರ ಹೊಟ್ಟೆ ಮೇಲೆ ಹೊಡೆದ ಹಾಗೆ. ಹೋದರೆ ವಾರ ವಾರ ಆ ಮುಖಗಳ ಎದುರು ಕೂರಬೇಕು. ಹೇಗೆ ಸಿಕ್ಕಿಸಿಹಾಕಿದ್ದಾರೆ ನೋಡು.

ಶೆಡ್ ಹೋದರೆ ದಿನವಿಡೀ ನಿಮ್ಮಮ್ಮನೂ ನಾನೂ ಎದುರಾ ಬದುರಾ. ಅವಳು ಆಗಲೇ ಹೆದರಿದ್ದಾಳೆ.

ಕೈಯೆಲ್ಲ ಗ್ರೀಸು, ಇಷ್ಟು ಸಾಕು.
ಅಪ್ಪ

ಜನವರಿ ೩೦

ಮಗಳೇ,

ಉತ್ತರ ಬರೆಯೋಕೆ ಆಸ್ಪತ್ರೆಯಲ್ಲಿ ಬಿಡುವಿಲ್ಲ ಅಂತ ನಿಮ್ಮಮ್ಮ ಹೇಳಿದಳು. ಇರಲಿ. ನರ್ಸ್ ಕೆಲಸ ಸುಮ್ಮನೆ ಅಲ್ಲ.

ಎರಡು ಸಲ ಕೂತೆವು. ದುಂಡಗೆ ಕುರ್ಚಿ ಹಾಕ್ತಾರೆ, ಯಾರೂ ಮೇಲಲ್ಲ ಯಾರೂ ಕೆಳಗಲ್ಲ ಅಂತ. ನನಗೆ ದುಂಡಗೆ ಕೂತರೆ ಯಾರ ಬಾಯಿ ಅಲ್ಲಾಡ್ತಿದೆ ಅಂತ ಹುಡುಕೋದೇ ಒಂದು ಕೆಲಸ. ನಾನು, ಹಾಡಿನ ಟೀಚರ್, ಬ್ಯಾಂಕಿನವನು, ಆ ಯೂನಿವರ್ಸಿಟಿಯ ಕನ್ನಡಕ. ಐದನೆಯವಳು ಒಬ್ಬ ಏಳನೇ ಕ್ಲಾಸಿನ ಹುಡುಗಿ. ಮಕ್ಕಳ ಪರವಾಗಿಯಂತೆ. ನನ್ನ ಶೆಡ್‌ನವಳೇ. ನಾನು ಅವಳನ್ನ ಇರುವೆ ಅಂತ ಕರೀತೀನಿ. ಇಷ್ಟೇ ಇಷ್ಟು ಮೈ, ತನಗಿಂತ ದೊಡ್ಡ ಬ್ಯಾಗು ಹೊತ್ತುಕೊಂಡು ಓಡಾಡ್ತಾಳೆ. ಅವಳದ್ದೂ ನಮ್ಮಷ್ಟೇ ಮಾತಂತೆ. ಬ್ಯಾಂಕಿನವನಿಗೆ ಅದು ಗಂಟಲಲ್ಲಿ ಇಳೀಲಿಲ್ಲ.

ಮೊದಲನೇ ದಿನ ಪೂರ್ತಿ ಹೋಗಿದ್ದು, ಯಾವುದು ಒಳ್ಳೇ ಕಾರ್ಯಕ್ರಮ ಅಂತ ಹೇಗೆ ತಿಳಿಯೋದು ಅನ್ನೋದಕ್ಕೆ. ಹಾಡಿನ ಟೀಚರ್ "ಮಕ್ಕಳ ಮುಖದ ಖುಷಿ" ಅಂದಳು. ಬ್ಯಾಂಕಿನವನು ಮಾರ್ಕ್ಸ್ ಅಂದ. ಅವಳು ಅವನ ಮೇಲೆ ಹರಿಹಾಯ್ದಳು, ಅವನು ಅವಳ ಮೇಲೆ. ನನಗೆ ತಲೆ ಕೆಟ್ಟು ಹೋಯಿತು. ಮೇಜು ಬಡಿದು ಹೇಳಿದೆ:

"ಇಷ್ಟೊಂದು ಯಾಕ್ರೀ ಒದ್ದಾಡ್ತೀರಿ? ಯಾರ ಹತ್ತಿರ ಮಕ್ಕಳು ಕೊನೇವರೆಗೂ ಇರ್ತಾರೆ, ಯಾರ ಹತ್ತಿರ ಅರ್ಧಕ್ಕೆ ಎದ್ದು ಹೋಗ್ತಾರೆ, ಅದನ್ನ ನೋಡಿ. ಹುಡುಗರು ಸುಳ್ಳು ಹೇಳ್ತಾರೆ, ಅವರ ಕಾಲು ಹೇಳಲ್ಲ."

ಕನ್ನಡಕದ ಕಣ್ಣು ಅರಳಿತು. ಎಷ್ಟು ಸರಳವಾಗಿ ಹೇಳಿದಿರಿ, ಇಂಥ ಮಾತಿಗೇ ಎಲ್ಲರೂ ಕೂಡಿ ಕೂರಬೇಕು ಅನ್ನೋದು ಅಂತ ನನ್ನ ಕೈ ಹಿಡಿದು ಕುಲುಕಿದಳು. ಬ್ಯಾಂಕಿನವನು ಒಪ್ಪಿದ. ಹಾಡಿನವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಆಮೇಲೆ ಒಪ್ಪಿದಳು. ಇರುವೆ ತನ್ನ ಬ್ಯಾಗಿನ ಪಟ್ಟಿ ತಿರುಚ್ತಾ ಕೂತಿದ್ದಳು, ಕೊನೆಗೆ ಅವಳೂ ಹೂಂ ಅಂದಳು. ಈಗ ಪ್ರತಿದಿನ ಶುರುವಿನಲ್ಲಿ ಎಷ್ಟು ಜನ, ಮುಗಿಯುವಾಗ ಎಷ್ಟು ಜನ ಅಂತ ಮೂರೂ ಕಡೆ ಎಣಿಸಬೇಕು.

ನಿನ್ನ ಅಪ್ಪನ ಮಾತಿಗೆ ಯೂನಿವರ್ಸಿಟಿಯವಳು ತಲೆ ತೂಗಿದಳು ಅಂತ ನಿಮ್ಮಮ್ಮನಿಗೆ ಹೇಳಿದೆ. "ಆ ಪಾಪದ ಹುಡುಗಿಗೆ ನಿಮ್ಮ ಪರಿಚಯ ಇಲ್ಲ" ಅಂದಳು.

ಆಮೇಲೆ ಒಬ್ಬರಿನ್ನೊಬ್ಬರ ಜಾಗಕ್ಕೆ ಹೋಗಿ ಕೂತು ನೋಡಿದೆವು. ಹಾಡಿನ ಕೋಣೆಯಲ್ಲಿ ಎರಡು ಹಾಡಾಗೋ ಹೊತ್ತಿಗೆ ಹಿಂದಿನ ಸಾಲು ಖಾಲಿ. ಹೋಮ್‌ವರ್ಕ್ ಕೋಣೆಯಲ್ಲಿ ನೀರು ಕುಡೀತೀನಿ ಅಂತ ಹೋದವನು ಯಾವ ಊರಿನ ನೀರು ಕುಡಿಯೋಕೆ ಹೋದನೋ, ಬರಲೇ ಇಲ್ಲ. ನನ್ನ ಶೆಡ್‌ನಲ್ಲಿ ಎಲ್ಲರೂ ಬಗ್ಗಿಸಿದ ತಲೆ ಎತ್ತಲಿಲ್ಲ. ನೋಡೋಕೆ ಬಂದವರಿಗೆ ಸ್ಟೂಲು ಹಾಕಿ ಕೂರಿಸಿದ್ದೆ. ಕನ್ನಡಕ ತನ್ನ ಪ್ಯಾಂಟಿಗೆ ಗ್ರೀಸು ಮಾಡಿಕೊಂಡು ಹೋದಳು.

ಈ ಸಲ ಎರಡು ಸಾಲಾದರೂ ಬರೆ.
ಅಪ್ಪ

ಫೆಬ್ರವರಿ ೮

ಅಪ್ಪಾ,

ಎರಡೂ ಕಾಗದ ತಲುಪಿದವು. ನಿನ್ನ ಅಕ್ಷರ ನನ್ನ ಡಾಕ್ಟರುಗಳ ಅಕ್ಷರಕ್ಕಿಂತ ಎಷ್ಟೋ ಚೆನ್ನಾಗಿದೆ.

ಇಲ್ಲಿ ಒಬ್ಬಳು ರಜೆ ಹಾಕಿದ್ದಾಳೆ, ಅವಳ ಪಾಳಿಯೂ ನನ್ನ ತಲೆ ಮೇಲೆ. ಕಾಲು ಊದಿಕೊಂಡಿದೆ, ಅಮ್ಮನಿಗೆ ಹೇಳಬೇಡ. ಶೆಡ್ ಉಳಿಯಲಿ ಅಂತ ನನಗೂ ಆಸೆ ಇದೆ. ಕೈಯಲ್ಲಿ ಕೆಲಸ ಇಲ್ಲದೆ ನೀನು ಕೂತಿರೋದನ್ನ ನನಗೆ ಊಹಿಸೋಕೂ ಆಗಲ್ಲ.

ಒಂದು ಕೇಳಲಾ? ಅಂಗಡಿಯಲ್ಲಿ ಮಾಡ್ತಿದ್ದ ಹಾಗೆ ಶೆಡ್‌ನಲ್ಲೂ ಷಟರ್ ಇಳಿಸ್ತೀಯಾ?

ಸುಮ್ಮನೆ ಕೇಳಿದೆ.

ಮಾತ್ರೆ ತಪ್ಪಿಸಬೇಡ.
ನಿನ್ನ ಮಗಳು

ಫೆಬ್ರವರಿ ೧೫

ಮಗಳೇ,

ಹೌದು, ಇಳಿಸ್ತೀನಿ. ಇಳಿಸದೆ? ಹೊರಗೆ ರಸ್ತೆ, ಲಾರಿಗಳು ಮೈಮೇಲೇ ಬರ್ತವೆ. ಚಕ್ರದ ನಡುವಿನ ಹಬ್ ಬಿಚ್ಚಿದರೆ ಒಳಗಿನ ಗುಂಡುಗಳು ಸಾಸಿವೆ ಚೆಲ್ಲಿದ ಹಾಗೆ ಚೆಲ್ತವೆ. ಅರ್ಧ ಬಿಚ್ಚಿ ಎದ್ದು ಓಡಿದರೆ ಆ ಸೈಕಲ್ಲಿನ ಗತಿ ಏನು? ನನ್ನಲ್ಲಿ ಒಂದೇ ನಿಯಮ, ಬಿಚ್ಚಿದವರೇ ಜೋಡಿಸಬೇಕು. ಜೋಡಿಸೋವರೆಗೆ ಷಟರ್ ಕೆಳಗೆ, ಬೀಗದಕೈ ನನ್ನ ಸೊಂಟದಲ್ಲಿ. ಮುಗಿದ ಮೇಲೆ ನಾನೇ ಎತ್ತುತ್ತೀನಿ. ಯಾರಾದರೂ ನೋಡೋಕೆ ಬಂದ ದಿನ ಎತ್ತಿಟ್ಟಿರ್ತೀನಿ, ಬೆಳಕು ಬೇಕಲ್ಲ. ಇದರಲ್ಲಿ ಕೇಳೋದೇನಿದೆ?

ಲೆಕ್ಕ ಬಂತು. ನಾನು ಮೊದಲು! ಅರ್ಧಕ್ಕೆ ಎದ್ದು ಹೋದವರು ಒಬ್ಬರೂ ಇಲ್ಲ. ಬ್ಯಾಂಕಿನವನು ಎರಡನೆಯವನು. ಹಾಡಿನ ಟೀಚರ್ ಕೊನೆ. ಅವಳ ಕೋಣೆ ಬ್ಯಾಂಕಿನವನಿಗೆ ಹೋಗುತ್ತೆ. ಅವಳು ಅಲ್ಲೇ ಕೂತು ನೆಲ ನೋಡ್ತಿದ್ದಳು. ನಾನು ಖುಷಿ ಪಡಲಿಲ್ಲ ಅಂದರೆ ಸುಳ್ಳು. ಇನ್ನೊಂದು ಸಲ ಕೂತು ಎಲ್ಲರೂ ಒಪ್ಪಿದೆ ಅಂದರೆ ಮುಗೀತು.

ಆದರೆ ನಿನ್ನೆ ಒಂದು ಕಿರಿಕಿರಿ ಆಯಿತು. ಮಕ್ಕಳೆಲ್ಲ ಹೋದ ಮೇಲೆ ಇರುವೆ ನಿಂತಳು. ನನ್ನ ಮುಖದ ಎದುರಿಗೇ ಬಂದು ನಿಂತು ಬಾಯಿ ಅಗಲಿಸಿ ಮಾತಾಡೋಳು ಅವಳೊಬ್ಬಳೇ. ಅವಳ ಒಂದು ಮಾತೂ ನನಗೆ ತಪ್ಪಿ ಹೋಗಲ್ಲ, ಅದೇ ಕಷ್ಟ.

"ತಾತಾ, ನೀವು ಹೇಳ್ತೀರೋ, ನಾನು ಹೇಳಲೋ?"

"ಏನನ್ನೇ?"

"ಷಟರ್ ವಿಷಯ."

"ಷಟರಿಗೇನಾಯಿತು? ಮೊನ್ನೆ ತಾನೇ ಎಣ್ಣೆ ಬಿಟ್ಟಿದ್ದೀನಿ."

"ಎಣ್ಣೆ ಅಲ್ಲ ತಾತಾ. ಹೋಗೋಕೇ ಆಗಲ್ಲ ಅಂದಮೇಲೆ ಯಾರು ಹೋಗ್ತಾರೆ? ಹಾಡಿನ ಮಿಸ್ ಹತ್ತಿರ ಬಾಗಿಲು ತೆಗೆದಿರುತ್ತೆ. ಅವರ ಲೆಕ್ಕ, ನಮ್ಮ ಲೆಕ್ಕ ಒಂದೇನಾ?"

"ಹೋಗಬೇಕು ಅಂತ ಯಾರಾದರೂ ಕೇಳಿದ್ದಾರಾ? ಇಷ್ಟು ದಿನದಲ್ಲಿ ಒಬ್ಬರಾದರೂ?"

"ದಿನಾ ಕೇಳ್ತಾರೆ. ನೀವು ಬೆನ್ನು ಹಾಕಿ ಕೂತಿರ್ತೀರಿ."

ಸಿಟ್ಟು ನೆತ್ತಿಗೇರಿತು. ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲೆ ಕುಕ್ಕಿದೆ. ಹೋಗೇ, ಹೋಗಿ ಹೇಳು, ಊರಿಗೆಲ್ಲ ಡಂಗುರ ಹೊಡಿ, ನಿನಗೆ ಚಕ್ರ ಕಟ್ಟೋದು ಕಲಿಸಿದ್ದಕ್ಕೆ ಇದೇ ಬೇಕಾಗಿತ್ತು ನನಗೆ ಅಂದೆ. ಅವಳು ಅಳಲಿಲ್ಲ. "ನಾನು ಹೇಳಿದರೆ ಶೆಡ್ ಹೋಗುತ್ತೆ. ಹೇಳದಿದ್ದರೆ ಮಿಸ್ ಹೋಗ್ತಾರೆ. ನಾನೇನು ಮಾಡಲಿ?" ಅಂದಳು. ನಾನೇನು ಮಾಡಲಿ ಅಂತ ನನ್ನನ್ನ ಕೇಳಿದರೆ! ಮನೆಗೆ ಹೋಗು ಅಂದೆ.

ನಾನು ಸುಳ್ಳು ಲೆಕ್ಕ ಕೊಟ್ಟಿಲ್ಲ. ಎದ್ದು ಹೋದವರು ಇಲ್ಲ ಅಂದರೆ ಇಲ್ಲ.

ಕಾಲಿಗೆ ಬಿಸಿನೀರು ಹಾಕಿಕೋ. ಅಮ್ಮನಿಗೆ ಹೇಳಿಲ್ಲ.
ಅಪ್ಪ

ಫೆಬ್ರವರಿ ೨೭

ಅಪ್ಪಾ,

ಮೂರು ಸಲ ಬರೆದು ಹರಿದೆ. ಇದನ್ನು ಹರಿಯಲ್ಲ.

ನಮ್ಮ ವಾರ್ಡಿನಲ್ಲಿ ನನ್ನ ಬಗ್ಗೆ ಒಂದು ತಮಾಷೆ ಇದೆ. ಯಾವ ಕೋಣೆಗೆ ನಾನು ಹೋಗಿಬಂದರೂ ಬಾಗಿಲು ಅರ್ಧ ತೆಗೆದಿರುತ್ತೆ. ಚಳಿಯಲ್ಲಿ ರೋಗಿಗಳು ಬೈತಾರೆ, ಸಿಸ್ಟರ್ ಬಂದರು ಗಾಳಿ ಬಂತು ಅಂತಾರೆ. ಔಷಧಿ ಕೋಣೆಯ ಒಳಗೆ ನಿಂತು ಬಾಗಿಲು ಹಾಕಿಕೊಳ್ಳಬೇಕು ಅನ್ನೋದು ನಿಯಮ. ನನ್ನ ಬದಲು ಬೇರೆಯವರು ಹೋಗ್ತಾರೆ. ಇಷ್ಟು ವರ್ಷದಲ್ಲಿ ಯಾಕೆ ಅಂತ ಯಾರೂ ಕೇಳಿಲ್ಲ, ಒಳ್ಳೆಯವರು.

ಅಮ್ಮನಿಗೆ ಆಗ ಲಾಂಡ್ರಿಯಲ್ಲಿ ಸಂಜೆ ಪಾಳಿ ಇತ್ತು. ನಾನು ಸ್ಕೂಲಿಂದ ನಿನ್ನ ಅಂಗಡಿಗೆ ಬರ್ತಿದ್ದೆ. ನೀನು ಸಾಮಾನು ತರೋಕೆ ಹೋಗ್ತಿದ್ದೆ.

ನನಗೆ ಅಷ್ಟೇ ಬರೆಯೋಕೆ ಆಗೋದು. ಆ ಹುಡುಗಿಗೆ ಬೈಯಬೇಡ.

ಮಗಳು

ಮಾರ್ಚ್ ೩

ನಿನ್ನನ್ನ ರಸ್ತೆಗೆ ಬಿಟ್ಟು ಹೋಗಬೇಕಿತ್ತಾ? ಲಾರಿ ಕೆಳಗೆ ಹೋಗಿದ್ದರೆ ಆಗ ಯಾರು ಕಾಗದ ಬರೀತಿದ್ದರು? ಹೆತ್ತವರು ಹೊಟ್ಟೆ ಕಟ್ಟಿ ದುಡಿದಿದ್ದು ಯಾರಿಗೂ ನೆನಪಿರಲ್ಲ, ಒಂದು ತಗಡಿನ ಬಾಗಿಲು ನೆನಪಿರುತ್ತೆ. ಒಳಗೆ ಫ್ಯಾನ್ ಇತ್ತು, ಲೈಟ್ ಇತ್ತು, ಬನ್ನು ಇಟ್ಟು ಹೋಗ್ತಿದ್ದೆ. ಓದಿಕೊಂಡು ಮಲಗಿರ್ತಿದ್ದೆ ನೀನು, ನಾನು ಬಂದಾಗ ಯಾವಾಗಲೂ ಮಲಗೇ ಇರ್ತಿದ್ದೆ. ನನ್ನ ಕಣ್ಣಾರೆ ನೋಡಿದ್ದೀನಿ.

ಇನ್ನು ನಾನು ಬರೆಯಲ್ಲ.

ಅಪ್ಪ

ಮಾರ್ಚ್ ೨೪

ಮಗಳೇ,

ಬರೆಯಲ್ಲ ಅಂದಿದ್ದೆ. ಬರೀತಿದ್ದೀನಿ.

ನಿನ್ನ ಕಾಗದ ನಿಮ್ಮಮ್ಮನ ಕೈಗೆ ಸಿಕ್ಕಿತು. ನಿಂತಲ್ಲೇ ಓದಿ ಮಡಚಿ ಮೇಜಿನ ಮೇಲಿಟ್ಟಳು. ಅಡುಗೆ ಮಾಡಿದಳು, ಬಡಿಸಿದಳು, ಒಂದು ಮಾತಿಲ್ಲ. ನನಗೆ ಕಿವುಡು ಬಂದ ಮೇಲೂ ಅವಳು ಬೈಯೋದು ನಿಲ್ಲಿಸಿದವಳಲ್ಲ, ನಿನಗೆ ಗೊತ್ತು. ಏನಾಗಿದೆ ನಿನಗೆ ಅಂತ ನಾನೇ ಗಂಟಲು ಹರಿದುಕೊಂಡೆ. ತಟ್ಟೆ ಕೆಳಗಿಟ್ಟು ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದಳು: "ಅವಳು ಒದ್ದೆ ಮಾಡಿಕೊಂಡಿದ್ದ ಸ್ಕೂಲು ಬಟ್ಟೆ ಒಗೀತಿದ್ದವಳು ನಾನು. ಅಪ್ಪನಿಗೆ ಹೇಳಬೇಡ ಅಂತಿದ್ದಳು."

ಎಷ್ಟು ಸಲ ಅಂತ ನಾನು ಕೇಳಲಿಲ್ಲ.

ಅದರ ಬಗ್ಗೆ ಇನ್ನೇನೂ ಬರೆಯಲ್ಲ. ಶೆಡ್ ವಿಷಯ ಬರೀತೀನಿ.

ಮರುದಿನ ಮಕ್ಕಳು ಬಂದರು. ನಾನು ಷಟರ್ ಇಳಿಸಲಿಲ್ಲ. ಬೆಂಚಿನ ಹತ್ತಿರ ಹೋಗಿ ಕೂತೆ. ಈ ಸಲ ಬಾಗಿಲ ಕಡೆ ಮುಖ ಮಾಡಿ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಷಟರ್ ಕೆಟ್ಟಿದೆ ಅಂದುಕೊಂಡರೋ ಏನೋ. ಕೆಲಸ ಶುರುವಾಯಿತು. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಎದ್ದು ಬಾಗಿಲವರೆಗೆ ಹೋಗಿ ನಿಂತ. ನನ್ನ ಕಡೆ ನೋಡಿದ. ನಾನು ಪೆಡಲ್ ನೋಡೋ ಹಾಗೆ ಮಾಡಿದೆ. ಅವನು ಒಂದು ಕಾಲು ಹೊರಗಿಟ್ಟ, ಮತ್ತೆ ನೋಡಿದ. ಆಮೇಲೆ ಹೋದ.

ಅಷ್ಟೇ. ಅವನ ಹಿಂದೆ ಇಬ್ಬರು. ಅವರ ಹಿಂದೆ ಒಂದು ಗುಂಪು. ಕೊನೆಗೆ ನಾಲ್ಕೈದು ಜನ ಉಳಿದಿದ್ದರು, ಅದರಲ್ಲಿ ಒಬ್ಬ ಮೂಲೆಯಲ್ಲಿ ನಿದ್ದೆ ಹೋಗಿದ್ದ. ಇರುವೆಯೂ ಹೋದಳು. ಹಿಂದಿನ ಚಕ್ರ ಕಲಿಸಿ ಅಂತ ನನ್ನ ತಲೆ ತಿಂತಿದ್ದವಳು, ಚಕ್ರವನ್ನ ಗೋಡೆಗೆ ಒರಗಿಸಿ ಕೈ ಒರೆಸಿಕೊಂಡು ಹೊರಟೇ ಹೋದಳು. ಕರೆಯೋಕೆ ಬಾಯಿ ಬಂತು. ಎದ್ದು ಎಳೆಯೋಕೆ ಕೈಯೂ ಬಂತು, ಸುಳ್ಳು ಯಾಕೆ ಹೇಳಲಿ. ಕೂತೇ ಇದ್ದೆ.

ಒಂದು ವಾರ ಹಾಗೇ ಬಿಟ್ಟೆ. ವಾರವಿಡೀ ಅದೇ ಕಥೆ. ಯಾವತ್ತೂ ಆಮೆಯ ಹಾಗೆ ಬರೋ ಹುಡುಗರು ಎಷ್ಟು ಬೇಗ ಎದ್ದು ಹೋಗ್ತಾರೆ ಅಂತ ನೋಡಿದೆ. ಎಲ್ಲಿಗೆ ಅಂತೀಯಾ? ಎಲ್ಲಿಗೂ ಇಲ್ಲ. ಎದುರಿನ ಕಟ್ಟೆ ಮೇಲೆ ಕಾಲು ಇಳಿಬಿಟ್ಟು ಕೂರ್ತಾರೆ. ಅಷ್ಟಕ್ಕೇ.

ನಾನು ನಂಬಿಕೊಂಡಿದ್ದ ಲೆಕ್ಕ ಸುಳ್ಳು. ಮುಂದಿನ ಸಲ ಕೂತಾಗ ನನ್ನ ಬಾಯಿಂದಲೇ ಹೇಳಬೇಕು. ಹೇಳಿದರೆ ಶೆಡ್ ಇಲ್ಲ.

ನೀನು ಉತ್ತರ ಬರೀದಿದ್ದರೂ ಆಗುತ್ತೆ.

ಅಪ್ಪ

ಏಪ್ರಿಲ್ ೭

ಮಗಳೇ,

ಹೇಳಿಬಿಟ್ಟೆ. ಹೇಳಿದರೆ ಮುಗೀತು ಅಂದುಕೊಂಡಿದ್ದೆ. ಮುಗೀಲಿಲ್ಲ.

ಕೂತ ಕೂಡಲೇ ಹೇಳಿದೆ, ನನ್ನ ಷಟರ್ ಕೆಳಗಿತ್ತು, ಅದಕ್ಕೇ ಯಾರೂ ಎದ್ದು ಹೋಗಲಿಲ್ಲ, ಎತ್ತಿಟ್ಟರೆ ಎಲ್ಲರಿಗಿಂತ ಮೊದಲು ಖಾಲಿ ಆಗೋದು ನಂದೇ, ಶೆಡ್ ತೆಗೆದುಬಿಡಿ ಅಂತ. ಕನ್ನಡಕದ ಮುಖ ಬಿಳಿಚಿಕೊಂಡಿತು. ಎಷ್ಟೋ ಕಡೆ ನನ್ನ ಮಾತನ್ನ ಹೊಗಳಿ ಬರೆದಿದ್ದಳಂತೆ ಪಾಪ. ಹಾಡಿನ ಟೀಚರ್ ಕಡೆ ತಿರುಗಿ "ನಿಮಗೆ ಗೊತ್ತಿರಲಿಲ್ಲವಾ?" ಅಂತ ಕೇಳಿದಳು. ಅವಳು ಹೇಳಿದ್ದು: "ದಿನಾ ಆ ಷಟರ್ ಇಳಿಯೋ ಸದ್ದು ಕೇಳ್ತಿದ್ದೆ. ಸೋತವಳು ನಾನು. ನಾನು ಹೇಳಿದ್ದರೆ ಹೊಟ್ಟೆಕಿಚ್ಚು ಅಂತಿದ್ದಿರಿ." ಹೌದು, ಅಂತಿದ್ದೆವು.

ಬ್ಯಾಂಕಿನವನು ನನ್ನ ಮಾತು ಮುಗಿಯೋಕೂ ಬಿಡದೆ "ಒಪ್ಪಿದೆ" ಅಂದ. ಟೀಚರ್ ಒಪ್ಪಿದಳು. ಕನ್ನಡಕ ಒಪ್ಪಿದಳು. ನಾನಂತೂ ಒಪ್ಪಿದವನೇ. ಎಲ್ಲರೂ ಇರುವೆಯ ಕಡೆ ತಿರುಗಿದೆವು.

"ನಾನು ಒಪ್ಪಲ್ಲ" ಅಂದಳು.

"ಯಾಕಮ್ಮಾ?"

"ಶೆಡ್ ಬೇಕು. ಷಟರ್ ಬೇಡ. ಅದು ಬೇರೆ, ಇದು ಬೇರೆ."

"ಎದ್ದು ಹೋದವಳು ನೀನೂ ಒಬ್ಬಳಲ್ಲೇ?" ಅಂತ ನಾನು ಗುರ್ರೆಂದೆ.

"ಹೋಗಿ ನೋಡಿದೆ. ಹೋಗಬಹುದಾ ಅಂತ."

ಆಮೇಲೆ ಶುರುವಾಯಿತು ನೋಡು. ಬ್ಯಾಂಕಿನವನು ಮುದ್ದು ಮಾಡಿದ, ಆಮೇಲೆ ಗದರಿದ. "ಪುಟ್ಟೀ, ನಿನ್ನೊಬ್ಬಳಿಂದ ಎಲ್ಲರ ಕೆಲಸವೂ ಹಾಳಾಗುತ್ತೆ, ಒಂದು ಮಾತು ಹೇಳು, ಎಲ್ಲರೂ ಮನೆಗೆ ಹೋಗೋಣ." ಟೀಚರ್ ತನ್ನ ಮಕ್ಕಳ ಕಥೆ ಹೇಳಿ ಕಣ್ಣೊರೆಸಿಕೊಂಡಳು. ಕನ್ನಡಕ ಹತ್ತು ಥರ ಬಿಡಿಸಿ ಹೇಳಿದಳು, ನಗುಮುಖ ಬಿಡದೆ. ನಾನೂ ಸುಮ್ಮನಿರಲಿಲ್ಲ, ನನ್ನ ಶೆಡ್ ನಾನೇ ಬೇಡ ಅಂದರೆ ನಿನ್ನದೇನೇ ಅಧಿಕಪ್ರಸಂಗ ಅಂದೆ. ಗಾಳಿಗೆ ಬಾಗಿಲು ಬಡೀತಿತ್ತು ಅಂತ ಯಾರೋ ಎದ್ದು ಚಿಲಕ ಹಾಕಿದರು. ನಾಲ್ಕು ದೊಡ್ಡವರು ಸುತ್ತ, ನಡುವೆ ಬ್ಯಾಗು ತಬ್ಬಿಕೊಂಡು ಅವಳು.

ನನಗೆ ಕೇಳಿಸದಿದ್ದಾಗ ನಾನು ತುಟಿ ನೋಡ್ತೀನಿ. ಎಲ್ಲರೂ ಒಟ್ಟಿಗೆ ಮಾತಾಡ್ತಿದ್ದರು, ನಾನು ಅವಳ ತುಟಿ ನೋಡ್ತಿದ್ದೆ, ಈಗ ಒಪ್ಪಿದೆ ಅಂತಾಳೆ ಅಂತ. ಅವಳು ಹೇಳ್ತಿದ್ದಿದ್ದು, "ನಾನು ಹೊರಗೆ ಹೋಗಬೇಕು." ಮೆಲ್ಲಗೆ, ಯಾರನ್ನೂ ನೋಡದೆ. ಇನ್ನೊಂದು ಸಲ ಹೇಳಿದಳು. ಕನ್ನಡಕ ಅವಳ ಭುಜ ತಟ್ಟಿ "ಐದೇ ನಿಮಿಷ, ಮುಗಿಸಿಯೇ ಹೋಗೋಣ" ಅಂದಳು.

ನಾನು ಎದ್ದು ಹೋಗಿ ಚಿಲಕ ತೆಗೆದೆ. ಬಾಗಿಲನ್ನ ಗೋಡೆಗೆ ತಾಗೋ ಹಾಗೆ ತಳ್ಳಿ ಅಲ್ಲೇ ನಿಂತೆ. ಇರುವೆ ನನ್ನ ಮುಖ ನೋಡಿದಳು. ಎದ್ದು, ಬ್ಯಾಗು ಹೆಗಲಿಗೇರಿಸಿ ಹೋದಳು. ತಿರುಗಿ ಬರಲಿಲ್ಲ.

ತೀರ್ಮಾನ ಇಲ್ಲ. ಭವನದವರು ಮರುದಿನವೇ ಮೂರೂ ಕಡೆ ತಮ್ಮ ಬೀಗ ಹಾಕಿದರು, ಒಪ್ಪಿಗೆ ಬರೋವರೆಗೂ ಹೀಗೇ ಅಂತ. ಬ್ಯಾಂಕಿನವನು ದಾರಿಯಲ್ಲಿ ಸಿಕ್ಕಿದರೆ ಮುಖ ತಿರುಗಿಸ್ತಾನೆ. "ಬಾಗಿಲು ತೆಗೆಯೋಕೆ ಹೊತ್ತು ಗೊತ್ತು ಇಲ್ಲವೇನ್ರೀ ನಿಮಗೆ" ಅಂದ. ಹೋಗಿ ಆ ಹುಡುಗಿಯನ್ನ ಕರ್ಕೊಂಡು ಬನ್ನಿ, ನೀವು ಕರೆದರೆ ಬರ್ತಾಳೆ ಅಂತ ಕನ್ನಡಕ ಹೇಳಿಕಳಿಸಿದಳು. ನಾನು ಹೋಗಲ್ಲ.

ಬೆಳಗಿಂದ ಮನೆಯಲ್ಲಿ ಕೂತಿದ್ದೀನಿ. ನಿಮ್ಮಮ್ಮ ನನ್ನ ಸುತ್ತ ಕಸ ಗುಡಿಸ್ತಾಳೆ.

ಅಪ್ಪ

ಏಪ್ರಿಲ್ ೨೦

ಅಪ್ಪಾ,

ಕಾಗದ ಬಂತು. ಊಟದ ಹೊತ್ತಿನಲ್ಲಿ ಓದಿದೆ, ಪಾಳಿ ಮುಗಿಸಿ ಬಂದು ಮತ್ತೆ ಓದಿದೆ.

ನಾನು ಮಲಗಿರ್ತಿರಲಿಲ್ಲ. ಬೀಗದ ಸದ್ದು ಕೇಳಿದ ಕೂಡಲೇ ಕಣ್ಣು ಮುಚ್ಚಿಕೊಳ್ತಿದ್ದೆ. ನೀನು ಎತ್ತಿಕೊಂಡು ಮನೆಗೆ ಹೋಗ್ತಿದ್ದೆಯಲ್ಲ, ಅದಕ್ಕೆ.

ಜೂನಿನಲ್ಲಿ ರಜೆ ಕೇಳಿದ್ದೀನಿ. ಸಿಕ್ಕರೆ ಬರ್ತೀನಿ. ಸಿಕ್ಕರೆ.

ನಿನ್ನ ಮಗಳು

ಮೇ ೩೦

ಮಗಳೇ,

ನಿನ್ನ ಕಾಗದಕ್ಕೆ ಉತ್ತರ ಬರೆಯೋಕೆ ಇಷ್ಟು ದಿನ ಬೇಕಾಯಿತು. ಎತ್ತಿಕೊಂಡಾಗ ನೀನು ಭಾರ ಇರಲಿಲ್ಲ. ಅಷ್ಟು ಹೇಳಬಲ್ಲೆ.

ಮೊನ್ನೆ ಕೊನೇ ಸಲ ಕೂತೆವು. ಇವತ್ತು ಆಗದಿದ್ದರೆ ಜಾಗ ಬೇರೆಯವರಿಗೆ ಅಂತ ಭವನದವರು ಹೇಳಿಬಿಟ್ಟಿದ್ದರು. ಇರುವೆಯ ಕುರ್ಚಿ ಖಾಲಿ. ನಾಲ್ಕು ಜನ ಬಾಗಿಲು ನೋಡ್ತಾ ಕೂತಿದ್ದೆವು. ಬಾಗಿಲು ತೆಗೆದೇ ಇತ್ತು. ಆದರೂ ಎದ್ದು ಹೋಗೋಕೆ ನಮಗ್ಯಾರಿಗೂ ಆಗಲ್ಲ, ಅದೇ ವಿಚಿತ್ರ.

ಕೊನೆಗೆ ಬಂದಳು. ಬ್ಯಾಗಿಲ್ಲದೆ ಬಂದಿದ್ದಳು, ಗುರುತೇ ಸಿಗಲಿಲ್ಲ. ಕೂರಲಿಲ್ಲ. ನೇರ ನನ್ನ ಎದುರಿಗೆ ಬಂದು ನಿಂತು, ನನಗೆ ತಿಳಿಯೋ ಹಾಗೆ ಬಾಯಿ ದೊಡ್ಡದು ಮಾಡಿ ಹೇಳಿದಳು.

"ತಾತಾ, ಶೆಡ್‌ಗೆ ಬರೋ ಎಲ್ಲರ ಮನೆಗೂ ಹೋಗಿ ಕೇಳಿದೆ. ಷಟರ್ ಇಳಿಸದಿದ್ದರೆ ಬರ್ತೀರಾ ಅಂತ."

"ಏನಂದರು?"

"ಸೈಕಲ್ ಇಷ್ಟ ಅಂದರು. ನೀವು ಬೈದರೂ ಚೆನ್ನಾಗಿ ಹೇಳಿಕೊಡ್ತೀರಿ ಅಂದರು." ನಿಂತಳು. "ಆದರೆ ಬರಲ್ಲ ಅಂದರು. ಎತ್ತಿದ್ದರೂ ಇಳಿಸ್ತೀರಿ ಅಂತ ಅನ್ಸುತ್ತಂತೆ. ಕೆಲವರಿಗೆ ಹೊಟ್ಟೆ ನೋಯುತ್ತಂತೆ."

"ನೀನು?"

ಅವಳು ಕನ್ನಡಕದ ಕಡೆ ತಿರುಗಿ "ಒಪ್ಪಿದೆ" ಅಂದಳು. ಹಾಗಂದು ನಡೆದುಬಿಟ್ಟಳು. ಈ ಸಲ ಅವಳಿಗೆ ಯಾರೂ ಐದೇ ನಿಮಿಷ ಅನ್ನಲಿಲ್ಲ.

ಇಷ್ಟು ತಿಂಗಳು ನಾವು ದೊಡ್ಡವರು ದುಂಡಗೆ ಕೂತು ತೂಗಿದ್ದೇ ತೂಗಿದ್ದು, ಹೋಗಿ ಮಕ್ಕಳನ್ನ ಒಂದು ಮಾತು ಕೇಳೋಣ ಅಂತ ಯಾರಿಗೂ ಹೊಳೆದಿರಲಿಲ್ಲ. ಕನ್ನಡಕ ಇನ್ನೇನೋ ಬರ್ಕೊಳ್ತಿದ್ದಳು. ಬರ್ಕೊಳ್ಳಲಿ.

ಶೆಡ್ ಹೋಯಿತು. ಹೋಮ್‌ವರ್ಕ್ ಅಲ್ಲಿಗೆ ಬರುತ್ತೆ. ನಿನ್ನೆ ಸಾಮಾನು ತೆಗೆದೆ. ಟೀಚರ್ ಬಂದು ಒಂದು ಕೈ ಹಾಕಿದಳು, ಕಬ್ಬಿಣ ಕಚ್ಚಿ ಹಿಡಿಯೋ ಭಾರದ ವೈಸನ್ನ ಅವಳೇ ಆ ಕಡೆ ಹಿಡಿದಳು, ಗಟ್ಟಿ ಹೆಂಗಸು. ಬ್ಯಾಂಕಿನವನು ಷಟರ್ ಕಿತ್ತು ಗಾಜಿನ ಬಾಗಿಲು ಹಾಕಿಸ್ತಾನಂತೆ. ಒಳ್ಳೇದು ಅಂದೆ. ಅವನಿಗೆ ಅದೂ ವ್ಯಂಗ್ಯ ಅನ್ನಿಸಿತು. ಸಾಮಾನೆಲ್ಲ ಈಗ ನಮ್ಮ ಪಡಸಾಲೆಯಲ್ಲಿದೆ, ನಿಮ್ಮಮ್ಮ ಎರಡು ಸಲ ಎಡವಿದಳು, ಬೈಯೋಕೆ ಶುರು ಮಾಡಿದ್ದಾಳೆ. ಮನೆ ಮತ್ತೆ ಮನೆಯ ಹಾಗಾಗಿದೆ.

ಇರುವೆ ಈ ಕಡೆ ಬಂದಿಲ್ಲ. ಬರಬೇಕು ಅಂತ ಏನಿಲ್ಲ.

ರಜೆ ಸಿಕ್ಕಿತಂತೆ, ಅಮ್ಮ ಹೇಳಿದಳು. ಬಾ. ಎಷ್ಟು ದಿನ ಇರ್ತೀಯ ಅಂತ ನಾನು ಕೇಳಲ್ಲ. ಮಧ್ಯದಲ್ಲಿ ಎದ್ದು ಹೊರಟರೆ ಯಾಕೆ ಅಂತಲೂ ಕೇಳಲ್ಲ. ನಿನ್ನ ಪೆಟ್ಟಿಗೆ ಬಸ್ಸಿನವರೆಗೂ ಹೊತ್ತುಕೊಂಡು ಬರ್ತೀನಿ.

ಅಪ್ಪ